ಹುಣ್ಣಾದ ಮೀನೂ ನಂಜನಗೂಡಿನ ಡಾಕ್ಟ್ರಮ್ಮನೂ

ಮೀನಿಗೆ ಜ್ವರ ಬಂದರೆ ಥರ್ಮಾಮೀಟರ್ ಎಲ್ಲಿಡ್ತೀರಿ ಅಂತ ನನ್ನನ್ನು ಕೇಳದವರು ನಂಜನಗೂಡು ತಾಲೂಕಿನಲ್ಲೂ ಇಲ್ಲ, ತಿ. ನರಸೀಪುರ ತಾಲೂಕಿನಲ್ಲೂ ಇಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ "ಕಂಕುಳಲ್ಲಿ" ಅನ್ನಲು ಶುರುಮಾಡಿದೆ. ಕೇಳಿದವರು ಹೌದೌದು ಅಂತ ತಲೆಯಾಡಿಸಿಕೊಂಡು ಹೋಗುತ್ತಿದ್ದರು. ಮೀನಿಗೆ ಕಂಕುಳು ಎಲ್ಲಿಂದ ಬಂತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಈ ಕೆಲಸವೇ ಹಾಗೆ. ನಗೆಯನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ, ನಮಗಿಂತ ಮುಂಚೆ ಅದೇ ಜೀಪು ಹತ್ತಿ ಕೂತಿರುತ್ತೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೈಸೂರಿನ ಒಂದು ಸಂಶೋಧನಾ ಕೇಂದ್ರದಲ್ಲಿದ್ದೆ. ನೀರು ಕೆಟ್ಟರೆ ಮೀನಿಗೆ ಏನೇನು ಕಾಯಿಲೆ ಬರುತ್ತೆ ಅನ್ನೋದು ನನ್ನ ವಿಷಯ. ಮನೆ ನಂಜನಗೂಡು, ದೇವಸ್ಥಾನದ ಹಿಂದಿನ ಬೀದಿ. ಅಪ್ಪ ಸಂಸ್ಕೃತದ ಮೇಷ್ಟ್ರು, ಅಮ್ಮ ಮಡಿಯವಳು. ಈರುಳ್ಳಿಗೇ ವಾರದಲ್ಲಿ ಅರ್ಧ ದಿನ ಮಾತ್ರ ಪ್ರವೇಶ ಇದ್ದ ಮನೆ ಅದು. ಅಂಥ ಮನೆಯ ಹುಡುಗಿ ಮೀನಿನ ಹೊಟ್ಟೆ ಕುಯ್ಯುವ ಕೆಲಸಕ್ಕೆ ಸೇರಿದಳು ಅಂತ ಬೀದಿಯೆಲ್ಲ ಮಾತಾಡಿತು. ಆಡಲಿ ಬಿಡಿ. ಮೀನಿನ ಪಿತ್ತಕೋಶವನ್ನು ನಾನು ಕಣ್ಣುಮುಚ್ಚಿ ಹುಡುಕಿಕೊಡಬಲ್ಲೆ. ಮೀನಿನ ಸಾರಿನ ರುಚಿ ಮಾತ್ರ ಈಗಲೂ ಗೊತ್ತಿಲ್ಲ.

ಹದಿನಾರು ಅನ್ನುವ ಊರು ದಾಟಿ ನರಸೀಪುರದ ಕಡೆಗೆ ಹೋದರೆ ಒಂದು ಹಳ್ಳಿ, ಅದಕ್ಕೊಂದು ಕೆರೆ. ಹೆಸರು ಬೇಡ. ಆ ಕೆರೆಯನ್ನೇ ನಂಬಿ ಬದುಕುವ ಮೀನುಗಾರರ ಒಂದಿಷ್ಟು ಮನೆಗಳು, ಅವರಿಗೊಬ್ಬ ಯಜಮಾನ, ಯಜಮಾನನ ಮೇಲೊಬ್ಬಳು ಯಜಮಾನಿ. ಅವಳು ಅವನ ಹೆಂಡತಿಯಲ್ಲ, ತಾಯಿ. ಊರಿಗೆಲ್ಲ ಅವಳು ಅವ್ವ. ಆ ಚಳಿಗಾಲದಲ್ಲಿ ಕೆರೆಯ ಮೀನುಗಳಿಗೆ ಮೈಮೇಲೆ ಕೆಂಪಗೆ ಹುಣ್ಣೆದ್ದವು. ಸುದ್ದಿ ನರಸೀಪುರದ ಸಂತೆಗೆ ಮುಟ್ಟಿತು. ಹುಣ್ಣಿರುವ ಮೀನು ಹಾಗಿರಲಿ, ಚೆನ್ನಾಗಿರುವ ಮೀನನ್ನೂ ಯಾರೂ ಮೂಸಲಿಲ್ಲ. ಮುಂಗಾರು ಬರುವುದರೊಳಗೆ ಸರಿಹೋಗದಿದ್ದರೆ ಎಲ್ಲರೂ ಕೆರೆ ಬಿಟ್ಟು ಮೈಸೂರಿಗೆ ಗಾರೆ ಕೆಲಸಕ್ಕೆ ಹೋಗೋದು ಅಂತ ಮಾತಾಗಿತ್ತು. ಕೆಲವು ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು. ನಾನು ಹೋದದ್ದು ಆಗ. ವಾಸಿ ಮಾಡಿಯೇ ಮಾಡ್ತೀನಿ ಅಂತ ಮೊದಲ ದಿನವೇ ಏರಿಯ ಮೇಲೆ ನಿಂತು ಹೇಳಿಬಿಟ್ಟೆ. ಹಾಗೆ ಹೇಳುವುದು ನನ್ನ ಅಭ್ಯಾಸ.

೧. ಸಂಗಮದ ನೀರು

ಮನೆಯೊಳಗೆ ಮೀನು ತರಕೂಡದು ಅಂತ ಅಮ್ಮ ಗೆರೆ ಎಳೆದಿದ್ದಳು. ನೀರು ತರಬಹುದು, ನೀರಿಗೇನು ಮೈಲಿಗೆ ಅನ್ನೋದು ಅವಳ ತೀರ್ಪು. ಹೀಗಾಗಿ ಮೈಸೂರಿಗೆ ಹೋಗಲು ತಡವಾದ ದಿನಗಳಲ್ಲಿ ನನ್ನ ನೀರಿನ ಬಾಟಲಿಗಳು ನಡುಮನೆಯ ಗೂಡಿನಲ್ಲಿ ತಣ್ಣಗೆ ಕೂತಿರುತ್ತಿದ್ದವು.

ಕೆರೆಯ ನೀರಿನ ಜೊತೆ ಹೋಲಿಸಲು ನನಗೆ ಹೊಳೆ ನೀರೂ ಬೇಕಿತ್ತು. ಒಮ್ಮೆ ನರಸೀಪುರದ ಸಂಗಮಕ್ಕೆ ಹೋಗಿ, ಬೇಕೆಂದೇ ಎಮ್ಮೆ ತೊಳೆಯುವ ಕಡೆಯಿಂದ ಒಂದು ಬಾಟಲಿ ತುಂಬಿಕೊಂಡು ಬಂದೆ. ಬಾಟಲಿಯ ಮೇಲೆ ಚೀಟಿ ಅಂಟಿಸಿ "ಸಂಗಮ" ಅಂತ ದೊಡ್ಡದಾಗಿಯೂ, "ಎಮ್ಮೆ ತೊಳೆಯುವ ಜಾಗ" ಅಂತ ಅದರ ಕೆಳಗೆ ಸಣ್ಣದಾಗಿಯೂ ಬರೆದಿಟ್ಟೆ. ಅದೇ ದಿನ ನಮ್ಮ ಸೋದರತ್ತೆ ಬಂದಿದ್ದರು. ಅವರ ಕನ್ನಡಕ ದೊಡ್ಡ ಅಕ್ಷರಕ್ಕೆ ಮಾತ್ರ.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ನೀರನ್ನು ಪಂಚಪಾತ್ರೆಗೆ ಬಗ್ಗಿಸಿ, ಒಂದು ದಳ ತುಳಸಿ ಹಾಕಿ, ಮನೆಮಂದಿಗೆಲ್ಲ ತೀರ್ಥ ಕೊಟ್ಟು ಮುಗಿಸಿದ್ದರು. ಅಪ್ಪ ಸಂಗಮದ ನೀರೆಂದು ಇನ್ನೊಂದು ಉದ್ಧರಣೆ ಕೇಳಿ ಹಾಕಿಸಿಕೊಂಡಿದ್ದರಂತೆ. ಮಿಕ್ಕಿದ್ದನ್ನು ಅತ್ತೆ ತಮ್ಮ ಮಂಡಿಗೆ ಸವರಿಕೊಂಡಿದ್ದರು. ನನ್ನ ಸ್ಯಾಂಪಲ್ ಹೋಯಿತಲ್ಲ ಅಂತ ನಾನು ಕೂಗಾಡಿದೆ. ಆ ಸಿಟ್ಟಿನಲ್ಲಿ ಎಮ್ಮೆಯ ಸಂಗತಿಯೂ ಬಾಯಿಂದ ಬಂದುಬಿಟ್ಟಿತು. ಅಪ್ಪ ಬಾಯಿ ಮುಕ್ಕಳಿಸಲು ಹಿತ್ತಿಲಿಗೆ ಓಡಿದರು. ಅತ್ತೆ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ. ಮಂಡಿ ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದರು.

"ಎಮ್ಮೆದೋ ಹಸುವಿಂದೋ, ನೋವು ಕಮ್ಮಿಯಾಗಿದೆ ಕಣೇ. ಇನ್ನೊಂದ್ಸಲ ಹೋದಾಗ ಅದೇ ಜಾಗದಿಂದ ತಾ" ಅಂದರು.

೨. ಬಾಗಿಲಿಗೆ ಬಂದ ಹೆಣ್ಣುಮಗಳು

ವಾರಕ್ಕೊಮ್ಮೆ ಬರ್ತೀನಿ, ಬಲೆಗೆ ಬಿದ್ದ ಮೀನಿನಲ್ಲಿ ಒಂದಿಷ್ಟು ಕೊಡಿ ಅಂತ ಯಜಮಾನನಿಗೆ ಹೇಳಿದ್ದೆ. ಕೊಟ್ಟ, ಮನಸಾರೆ ಕೊಟ್ಟ. ಒಂದೊಂದು ಕಾಟ್ಲಾ ಮೀನೂ ಫಳಫಳ ಅಂತಿತ್ತು. ಪ್ರಯೋಗಾಲಯದಲ್ಲಿ ಕುಯ್ದು ನೋಡಿದರೆ ಕಿವಿರು ಶುಭ್ರ, ಪಿತ್ತಜನಕಾಂಗ ಶುಭ್ರ, ಚರ್ಮದ ಮೇಲೆ ಒಂದು ಗೀರೂ ಇಲ್ಲ. ವಾರ ವಾರವೂ ಹೀಗೇ ಆಯಿತು. ಕಾಯಿಲೆ ಇರುವುದು ಆ ಕೆರೆಯ ಮೀನಿಗಲ್ಲ, ನಿಮಗೇ ಇರಬೇಕು ಅಂತ ನಮ್ಮ ಹಿರಿಯ ವಿಜ್ಞಾನಿಗಳು ಛೇಡಿಸಿದರು.

ಇದರಿಂದ ಲಾಭವಾದದ್ದು ನಮ್ಮ ಜೀಪ್ ಡ್ರೈವರನಿಗೆ. ನನಗೆ ಬೇಕಾದ ಚೂರುಪಾರು ತೆಗೆದುಕೊಂಡ ಮೇಲೆ ಮಿಕ್ಕ ಮೀನು ಅವನ ಮನೆಗೆ ಹೋಗುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಅವನ ಹೊಟ್ಟೆ ಸ್ಟೇರಿಂಗಿಗೆ ತಾಗಲು ಶುರುವಾಯಿತು.

ಅನುಮಾನ ಬಂದು ಒಂದು ದಿನ ಹೇಳದೆ ಕೇಳದೆ ಬೆಳಿಗ್ಗೆಯೇ ಹೋದೆ. ಏರಿಯ ಮೇಲೆ ಮೀನು ಆರಿಸುತ್ತಾ ಕೂತಿದ್ದರು. ಹುಣ್ಣಾದದ್ದೆಲ್ಲ ಗುಂಡಿಗೆ, ಚೆಲುವಾದದ್ದೆಲ್ಲ ನನ್ನ ಬುಟ್ಟಿಗೆ. ನಾನು ಬೈದ ಬೈಗುಳ ಆಚೆ ದಡದಲ್ಲಿ ಬಟ್ಟೆ ಒಗೆಯುವವರಿಗೂ ಕೇಳಿಸಿತಂತೆ. ಯಜಮಾನ ತಲೆ ತಗ್ಗಿಸಿಕೊಂಡು ನಿಂತಿದ್ದ.

"ಅಲ್ಲ ಕಣವ್ವ, ನಂಜನಗೂಡಿಂದ ಬಾಗ್ಲಿಗೆ ಬಂದಿರೋ ಎಣ್ಮಗೀಗೆ ಉಣ್ಣಾಗಿರೋ ಮೀನ್ ಕೊಟ್ ಕಳ್ಸುದ್ರೆ ನಾಕ್ ಜನ ಏನಂದಾರು?" ಅಂದ.

 ಹುಣ್ಣಾದ ಮೀನು ಕೊಡದಿದ್ದರೆ ನಿಮ್ಮ ಮನೆಯ ನೀರೂ ಮುಟ್ಟಲ್ಲ ಅಂತ ಮುನಿಸಿಕೊಂಡು ಕೂತ ಮೇಲೆ, ಅವ್ವ ತಾನೇ ಎದ್ದು ಬಂದು, ಎಲೆ ಅಡಿಕೆ ಕೊಡುವ ಹಾಗೆ ಮುತ್ತುಗದೆಲೆ ಹಾಸಿ, ಅದರ ಮೇಲೆ ಅತಿ ಕೆಟ್ಟ ಗೆಂಡೆ ಮೀನೊಂದನ್ನು ಇಟ್ಟು ಕೊಟ್ಟಳು. ಆವತ್ತಿನಿಂದ ನನ್ನ ಸಂಶೋಧನೆ ಓಡಿತು. ಪೆಚ್ಚಾದವನು ಡ್ರೈವರ್ ಒಬ್ಬನೇ. ವಾಪಸ್ ಬರುವಾಗ ದಾರಿಯುದ್ದಕ್ಕೂ ಯೋಚನೆ ಮಾಡಿ ಕೊನೆಗೆ ಬಾಯಿಬಿಟ್ಟ.

"ಮೇಡಂ, ಬರೀ ಕೆಟ್ಟ ಮೀನು ತಗೊಂಡ್ರೆ ಹೆಂಗೆ? ಹೋಲಿಸಿ ನೋಡಕ್ಕೆ ಒಳ್ಳೇವೂ ಒಂದ್ ನಾಕು ಇರ್ಬೇಕಲ್ವ?"

ವಿಜ್ಞಾನ ಕಲಿತ ನಮ್ಮ ಕಚೇರಿಯವರಿಗೇ ಹೊಳೆಯದ ಮಾತು ಅದು.

೩. ಒಣಮೀನಿನ ಕೇಸು

ಮೀನು ಡಾಕ್ಟ್ರಮ್ಮ ಬಂದವ್ಳೆ ಅಂತ ಸುತ್ತಮುತ್ತ ಗೊತ್ತಾದ ಮೇಲೆ ಹೆಡತಲೆ ಅನ್ನುವ ಊರಿನ ಕಡೆಯಿಂದ ಒಬ್ಬಳು ಮುದುಕಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ನಡೆದು ಬಂದಳು. ಬಿಚ್ಚಿದರೆ ಸಂತೆಯಲ್ಲಿ ಕೊಂಡ ಒಣಮೀನು. ಇದು ಯಾವ ಕಾಯಿಲೆಯಿಂದ ಸತ್ತದ್ದು ಅಂತ ನೋಡಿ ಹೇಳಬೇಕಂತೆ, ಕೇಳಿಕೊಂಡು ಆಮೇಲೆ ಸಾರು ಮಾಡುತ್ತಾಳಂತೆ.

ನಾನು ಭೂತಗನ್ನಡಿ ತೆಗೆದು, ಮೀನನ್ನು ತಿರುಗಿಸಿ ತಿರುಗಿಸಿ ನೋಡಿ, ಕಾಯಿಲೆ ಏನೂ ಇಲ್ಲಜ್ಜಿ, ಬಿಸಿಲು ಜಾಸ್ತಿಯಾಗಿ ಹೋಗಿದೆ ಅಂದೆ. ಮುದುಕಿಗೆ ಬಹಳ ಸಮಾಧಾನವಾಯಿತು. ಪಾಪ, ನೆರಳಿಗೆ ಹೋಗಬಾರದಿತ್ತಾ ಅಂತ ಮೀನಿಗೆ ಹೇಳುತ್ತಾ ಅದನ್ನು ಸೆರಗಿಗೆ ಕಟ್ಟಿಕೊಂಡಳು.

೪. ಬಕೆಟ್ಟಿನಲ್ಲಿ ಪರೀಕ್ಷೆ

ಹುಣ್ಣಿನ ಮೂಲ ಎಲ್ಲಿದೆ ಅಂತ ಕಂಡುಹಿಡಿದೆ. ಕೆರೆಯ ಮೇಲ್ಗಡೆ ನೂಲಿಗೆ ಬಣ್ಣ ಹಾಕುವ ಒಂದು ಸಣ್ಣ ಘಟಕವಿತ್ತು, ಈಗ ಅದು ಇಲ್ಲ. ಅಲ್ಲಿಂದ ಕಾಲುವೆಗೆ ಬಿಡುವ ನೀರು ಹುಳಿ. ಹುಳಿ ನೀರಿಗೆ ಮೀನಿನ ಚರ್ಮ ಸೋತು ಹೋಗುತ್ತಿತ್ತು. ಸೋತ ಚರ್ಮಕ್ಕೆ ಚಳಿಗಾಲದಲ್ಲಿ ಬೂಷ್ಟು ಹತ್ತಿ ಹುಣ್ಣಾಗುತ್ತಿತ್ತು. ಘಟಕದ ಮಾಲೀಕ ಮಾತ್ರ ನಮ್ಮ ನೀರು ಹಾಲಿನಂಥದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹಾಲಿಗೆ ನೀಲಿ ಬಣ್ಣ ಯಾಕೆ ಬಂತು ಅಂತ ಯಾರೂ ಕೇಳಿರಲಿಲ್ಲ.

ಒಂದು ಸೋಮವಾರ ಅರಳಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿದೆ. ಮಾಲೀಕನೂ ಬಂದ. ಅವನ ಕಾಲುವೆಯ ನೀರು ಒಂದು ಬಕೆಟ್ ತುಂಬಿಸಿ ಇಟ್ಟು, ಇದರಲ್ಲಿ ಮೀನು ಬಿಡ್ತೀನಿ, ಎಷ್ಟು ಹೊತ್ತು ಬದುಕುತ್ತೆ ನೀವೇ ನೋಡಿ ಅಂದೆ. ಕೆರೆಯಿಂದ ಒಂದು ಮೀನು ಹಿಡಿಸಿಕೊಂಡು ಬಾ ಅಂತ ಡ್ರೈವರನನ್ನು ಕಳಿಸಿದೆ. ಅವನು ಬಂದು ಮೀನನ್ನು ದೊಪ್ಪಂತ ಬಕೆಟ್ಟಿಗೆ ಬಿಟ್ಟ.

ಊರೆಲ್ಲ ಬಗ್ಗಿ ನೋಡಿತು. ಮೀನು ಒಂದು ಸುತ್ತು ಹಾಕಿತು. ಮೀಸೆ ಆಡಿಸಿತು. ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ತಳಕ್ಕೆ ಹೋಗಿ ಹಾಯಾಗಿ ಮಲಗಿತು.  ಅವನು ತಂದದ್ದು ಕೆಸರಿನಲ್ಲೂ ಬದುಕುವ ಮೀಸೆ ಮೀನು, ನೀರು ಕೆಟ್ಟರೆ ಗಾಳಿ ಕುಡಿದುಕೊಂಡು ಇರುವ ಜಾತಿ. ಮಾಲೀಕ ಚಪ್ಪಾಳೆ ಹೊಡೆದ. ನಾನು ಡ್ರೈವರನನ್ನು ಮರದ ಹಿಂದಕ್ಕೆ ಎಳೆದುಕೊಂಡು ಹೋಗಿ ಹಲ್ಲು ಕಡಿದೆ. ಅವನು ಇನ್ನೂ ಹೆಮ್ಮೆಯಲ್ಲೇ ಇದ್ದ. ಬೇರೆ ಮೀನು ದಾರಿಯಲ್ಲೇ ಸತ್ತುಹೋಗುತ್ತವಂತೆ. ಇಷ್ಟು ಜನರ ಎದುರು ಮೀನು ಸತ್ತರೆ ಮೇಡಂಗೆ ಅವಮಾನ ಅಂತ ಹುಡುಕಿ ಗಟ್ಟಿ ಮೀನು ತಂದಿದ್ದನಂತೆ.

ನಾನೂ ಬಿಡುವವಳಲ್ಲ. ವಾಪಸ್ ಬಂದು ಒಂದು ಲೋಟ ತೆಗೆದುಕೊಂಡು, ಅದೇ ಬಕೆಟ್ಟಿನಲ್ಲಿ ಅದ್ದಿ, ಮಾಲೀಕನ ಕೈಗೆ ಕೊಟ್ಟೆ. ನೀವೂ ಒಳ್ಳೇ ನೀರು ಅಂತೀರಿ, ಮೀನೂ ಒಪ್ಪಿದೆ, ಒಂದು ಗುಟುಕು ಕುಡಿದುಬಿಡಿ, ನಾನು ಜೀಪು ಹತ್ತಿ ಹೊರಟುಹೋಗ್ತೀನಿ ಅಂದೆ. ಅವನು ಲೋಟ ನೋಡಿದ, ಜನ ನೋಡಿದ. ಇವತ್ತು ಸೋಮವಾರ, ನನಗೆ ಒಪ್ಪೊತ್ತು ಅಂದ. ಒಪ್ಪೊತ್ತಿನವರು ನೀರು ಕುಡಿಯಬಹುದು, ಬೇಕಾದರೆ ನಮ್ಮಪ್ಪನನ್ನು ಕೇಳಿ ಅಂದೆ. ಆಗ ಹಿಂದಿನಿಂದ ಅವ್ವನ ದನಿ ಬಂತು.

"ಆ ನೀರ ಮಡಗು ಬುಡವ್ವ, ಮಂಗಳ್ವಾರ ಕುಡ್ದಾನು."

ಜನ ಬಿದ್ದು ಬಿದ್ದು ನಕ್ಕರು. ಆ ನಗೆಯನ್ನು ಮಾಲೀಕನಿಗೆ ತಡೆದುಕೊಳ್ಳಲಾಗಲಿಲ್ಲ. ಸ್ವಲ್ಪ ದಿನದಲ್ಲೇ ಕಾಲುವೆ ಮುಚ್ಚಿಸಿ, ಬಣ್ಣದ ನೀರನ್ನು ತನ್ನ ಜಾಗದಲ್ಲೇ ತೊಟ್ಟಿ ಕಟ್ಟಿಸಿ ನಿಲ್ಲಿಸಿಕೊಂಡ. ಪರೀಕ್ಷೆಯಲ್ಲಿ ಪಾಸಾದ ಆ ಮೀಸೆ ಮೀನು ಮಾತ್ರ ಸಂಜೆ ಡ್ರೈವರನ ಮನೆಯಲ್ಲಿ ಫೇಲಾಯಿತು.

೫. ಮೂಡಲಕ್ಕೆ ಬೆನ್ನು

ಇನ್ನು ಔಷಧಿ. ಕೆರೆಗೆ ಮೊದಲು ಸುಣ್ಣ ಎರಚಿ, ಕೆಲವು ದಿನ ಬಿಟ್ಟು ಉಪ್ಪು ಹಾಕಿ ಅಂದೆ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮೈಮೇಲೆ ಹುಣ್ಣೋ ನರಹುಲಿಯೋ ಆದರೆ ದೇವರ ಕೊಳಕ್ಕೆ ಉಪ್ಪು ಹಾಕ್ತೀನಿ ಅಂತ ಹರಕೆ ಹೊರುವುದು ಅವರಿಗೆ ಗೊತ್ತಿದ್ದದ್ದೇ. ನಂಜನಗೂಡಿನ ದೇವಸ್ಥಾನದ ಬೀದಿಯವಳು ಅಂದ ಮೇಲೆ ಇನ್ನೇನು ಹೇಳ್ತಾಳೆ ಅಂದುಕೊಂಡರು. ಇದು ರಸಾಯನಶಾಸ್ತ್ರ ಅಂತ ನಾನು ಎಷ್ಟು ಬಡಕೊಂಡರೂ, ಅವರಿಗೆ ಕೇಳಿಸಿದ್ದು ಶಾಸ್ತ್ರ ಅನ್ನೋದಷ್ಟೇ.

ಎರಚುವಾಗ ಯಾವ ದಿಕ್ಕಿಗೆ ನಿಲ್ಲಬೇಕು ಅಂತ ಯಜಮಾನ ಕೈಮುಗಿದು ಕೇಳಿದ. ಸುಣ್ಣದ ಪುಡಿ ಮುಖಕ್ಕೆ ಬರಬಾರದಲ್ಲ, ಆವತ್ತು ಮೂಡಗಾಳಿ ಇತ್ತು, ಮೂಡಲಕ್ಕೆ ಬೆನ್ನು ಮಾಡಿ ಅಂದೆ. ಹಾಗೇ ಮಾಡಿದರು, ಕೆಲಸ ಚೆನ್ನಾಗಾಯಿತು. ಸುದ್ದಿ ಕೇಳಿ ಪಕ್ಕದ ಊರಿನವರೂ ತಮ್ಮ ಕಟ್ಟೆಗೆ ಸುಣ್ಣ ಹಾಕಿದರು. ಆಗ ಗಾಳಿ ತಿರುಗಿ ಪಡುವಲ ಕಡೆಯಿಂದ ಬೀಸುತ್ತಿತ್ತು. ನಾನು ಅಲ್ಲಿಗೆ ಹೋದಾಗ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಹುಬ್ಬೂ ಮೀಸೆಯೂ ಕಾಣದೆ, ಸಾಲಾಗಿ ಕೂತಿದ್ದರು. ಗಾಳಿ ನೋಡಿಕೊಂಡು ಆ ಕಡೆ ತಿರುಗಬಾರದಿತ್ತೇ ಅಂತ ಕೇಳಿದೆ. ತಿರುಗೋದುಂಟೇ ಡಾಕ್ಟ್ರಮ್ಮ, ನೀವು ಹೇಳಿದ ದಿಕ್ಕು ಬಿಡಲಿಲ್ಲ ಅಂತ ಅವರಲ್ಲಿ ಹಿರಿಯ ಬಲು ಹೆಮ್ಮೆಯಿಂದ ಹೇಳಿದ.

೬. ಹರಕೆ

ಬೇಸಿಗೆಯ ಬಿಸಿಲೇರುವಷ್ಟರಲ್ಲಿ ಹುಣ್ಣು ಮಾಯ್ದವು. ಹೊಸ ಮೀನು, ಹಳೆ ಮೀನು, ಏನು ಹಿಡಿದು ನೋಡಿದರೂ ಮೈ ಶುದ್ಧ. ಈ ಕೆರೆಯ ಮೀನು ತಿನ್ನಲು ಯೋಗ್ಯ ಅಂತ ಸರ್ಟಿಫಿಕೇಟ್ ಬರೆದು, ಸೀಲು ಒತ್ತಿ, ಪ್ಲಾಸ್ಟಿಕ್ ಹಾಕಿಸಿ, ನರಸೀಪುರದ ಸಂತೆಯಲ್ಲಿ ಅವ್ವನ ಬುಟ್ಟಿಗೆ ನಾನೇ ಕಟ್ಟಿದೆ. ಜನ ಬಂದರು, ಮೀನು ನೋಡಿದರು, ಅವ್ವನ ಕಿವಿಯಲ್ಲಿ ಏನೋ ಕೇಳಿದರು, ಹೋದರು. ಒಬ್ಬರೂ ಕೊಳ್ಳಲಿಲ್ಲ. ಮುಂದಿನ ಸಂತೆಯಲ್ಲೂ ಅದೇ ಕತೆ. ಅವ್ವ ನನ್ನ ಸರ್ಟಿಫಿಕೇಟನ್ನು ಬಿಚ್ಚಿ ನೊಣ ಓಡಿಸುತ್ತಾ ಕೂತಿದ್ದಳು.

ಅವರೆಲ್ಲ ಏನು ಕೇಳಿ ಹೋಗುತ್ತಾರೆ ಅಂತ ನಾನು ಬೆನ್ನು ಬಿದ್ದ ಮೇಲೆ ಅವ್ವ ಬಾಯಿಬಿಟ್ಟಳು. ಹರಕೆ ತೀರಿತಾ ಅಂತ ಕೇಳುತ್ತಿದ್ದರಂತೆ. ನಾನು ಏರಿಯ ಮೇಲೆ ನಿಂತು ಮಾತು ಕೊಟ್ಟ ದಿನವೇ ಅವಳು ನಂಜನಗೂಡಿನ ದೇವರು ನಂಜುಂಡಪ್ಪನಿಗೆ ಮುಡಿ ಹರಕೆ ಹೊತ್ತು, ಅದನ್ನು ಸಂತೆಗೆಲ್ಲ ಹೇಳಿಕೊಂಡು ಬಂದಿದ್ದಳು. ಹರಕೆ ತೀರದ ಮೀನು ತಿಂದು ದೇವರ ಕೋಪಕ್ಕೆ ಬೀಳುವ ಧೈರ್ಯ ಯಾರಿಗೂ ಇರಲಿಲ್ಲ. ಸರಿ, ಬೇಗ ಹೋಗಿ ಮುಡಿ ಕೊಟ್ಟು ಬಾ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ರೇಗಿದೆ. ಅವ್ವ ನನ್ನ ಜಡೆಯನ್ನೇ ನೋಡುತ್ತಿದ್ದಳು. ಸೊಂಟದ ಕೆಳಗೆ ಇಳಿಯುವ ಜಡೆ ಅದು.

"ಮೀನ್ಗೆ ಕೂದ್ಲಿಲ್ಲ ಕಣ್ ತಾಯಿ. ಮೊಗೀಗೆ ಅರಕೆ ಒತ್ರೆ ಎತ್ತವ್ಳು ಮುಡಿ ಕೊಡದಿಲ್ವ? ಆ ಮೀನ್ಗಳ್ಗೆ ಅವ್ವನಂಗೆ ನಿಂತವ್ಳು ನೀನು. ನಿನ್ನೆಸ್ರಲ್ಲೇ ಒತ್ಕಂಡಿವ್ನಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾಯಿಲೆ ಹುಡುಕಿದವಳು ನಾನು, ಮಾಲೀಕನನ್ನು ಮಣಿಸಿದವಳು ನಾನು, ಸುಣ್ಣ ಹಾಕಿಸಿದವಳು ನಾನು. ಕೀರ್ತಿ ನಂಜುಂಡಪ್ಪನಿಗೆ, ಖರ್ಚು ನನ್ನ ತಲೆಗೆ. ಆಗಲ್ಲ ಅಂತ ಹೇಳಿ ಮನೆಗೆ ಬಂದೆ.

ಅವ್ವ ಬಿಡುತ್ತಾಳೆಯೇ. ಮಾರನೆಯ ದಿನವೇ ನಂಜನಗೂಡಿಗೆ ಬಂದು ನಮ್ಮ ಜಗಲಿಯ ಮೇಲೆ ಕೂತಳು. ಅಮ್ಮ ವಿಷಯ ಕೇಳಿ ಅಳುವುದಕ್ಕೇ ಶುರುಮಾಡಿದಳು. ನಮ್ಮ ಮನೆಗಳಲ್ಲಿ ಹೆಣ್ಣಿನ ತಲೆ ಬೋಳಿಸುತ್ತಿದ್ದದ್ದು ಯಾವಾಗ ಅಂತ ಹಳಬರಿಗೆಲ್ಲ ಗೊತ್ತು. ನನಗಿನ್ನೂ ಮದುವೆಯೇ ಆಗಿರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು, ಹೆಂಗಸರಿಗೆ ಪೂರ್ತಿ ಮುಡಿ ಬೇಕಿಲ್ಲ, ಹೂಮುಡಿ ಅಂತ ಮೂರು ಕುಡಿ ಕತ್ತರಿಸಿ ಕೊಟ್ಟರೆ ಸಾಕು ಅಂತ ತೀರ್ಪು ಕೊಟ್ಟರು. ಅವ್ವ ಕೈಮುಗಿದಳು.

"ಮೂರು ಕುಡಿ ಕೊಟ್ರೆ ಮೂರು ಮೀನಿನ್ ಅರಕೆ ತೀರ್ತದೆ ಸ್ವಾಮಿ. ಮಿಕ್ಕಿದ್ವು?"

ಜೀವಮಾನವೆಲ್ಲ ವಾದ ಮಾಡಿ ಗೆದ್ದ ಅಪ್ಪ, ಒಂದು ಲೋಟ ಕಾಫಿ ಕೊಡು ಅಂತ ಅಮ್ಮನಿಗೆ ಹೇಳಿ ಒಳಗೆ ಎದ್ದುಹೋದರು.

ಅವ್ವ ಹೋಗುವ ಮುಂಚೆ ಒಂದು ಮಾತು ಹೇಳಿದಳು. ಮಗ ಬಲೆ ಸುತ್ತಿ ಅಟ್ಟಕ್ಕೆ ಹಾಕಿದ್ದಾನಂತೆ, ಮೈಸೂರಿನ ಮೇಸ್ತ್ರಿಯ ಹತ್ತಿರ ಮಾತಾಡಿ ಬಂದಿದ್ದಾನಂತೆ. ಅವಳು ನನ್ನ ಮೇಲೆ ತಪ್ಪು ಹೊರಿಸಲಿಲ್ಲ, ಸುಮ್ಮನೆ ಹೇಳಿದಳು.  ಕೆರೆಯನ್ನು ವಾಸಿ ಮಾಡಿ, ಕೆರೆಯವರನ್ನು ಗಾರೆ ಕೆಲಸಕ್ಕೆ ಕಳಿಸಿದರೆ ನಾನು ಗೆದ್ದದ್ದೇನು? ಆ ಜನ ನನಗೆ ಬೇಕಾಗಿದ್ದರು.

"ಕೂದಲು ಬೆಳೆಯುತ್ತಮ್ಮ. ಕೆರೆ ಬಿಟ್ಟು ಹೋದವರು ತಿರುಗಿ ಬರಲ್ಲ" ಅಂದೆ.

ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಸೀಸೆ ತಂದು ಕೊಟ್ಟಳು. ಬೋಳಿಸಿದ ಮೇಲೆ ಹಚ್ಚಿಕೋ, ಬಿಸಿಲಿಗೆ ಉರಿಯುತ್ತೆ ಅಂದಳು.

ಕಪಿಲೆಯ ಮೆಟ್ಟಿಲ ಹತ್ತಿರ ತಲೆ ಬಗ್ಗಿಸಿ ಕೂತೆ. ಯಾವ ಹರಕೆಯಮ್ಮಾ ಅಂತ ಕ್ಷೌರದವನು ಕೇಳಿದ. ಮೀನಿಗೆ ಹುಣ್ಣಾಗಿತ್ತು ಅಂದೆ. ಅವನು ಕತ್ತಿ ಎತ್ತಿ ಹಿಡಿದು ನನ್ನನ್ನು ನೋಡಿದ, ಆಮೇಲೆ ಬೇಗ ಬೇಗ ಮುಗಿಸಿದ. ನದಿಯಲ್ಲಿ ಮುಳುಗೆದ್ದು, ತಲೆಗೆ ಗಂಧ ಬಳಿದುಕೊಂಡೆ. ಹೇಳಬಾರದು, ತಣ್ಣಗೆ ಚೆನ್ನಾಗಿಯೇ ಇತ್ತು.

ಮುಂದಿನ ಸಂತೆಗೆ ಅವ್ವ ನನ್ನನ್ನು ಕರೆದುಕೊಂಡು ಹೋಗಿ ಮೀನಿನ ಬುಟ್ಟಿಯ ಪಕ್ಕದಲ್ಲೇ ಕೂರಿಸಿದಳು. ತಲೆಯ ಮೇಲಿನ ಸೆರಗು ತೆಗಿ ಅಂದಳು, ತೆಗೆದೆ. ಮೊದಲಿಗೆ ಬಂದವಳು ದಪ್ಪನೆಯ ಒಬ್ಬ ಹೆಂಗಸು. ಕಾಟ್ಲಾ ಎತ್ತಿ ಕಿವಿರು ಬಿಡಿಸಿ ಕೆಂಪಗಿದೆಯಾ ನೋಡಿದಳು, ಹೊಟ್ಟೆ ಒತ್ತಿ ಗಟ್ಟಿಯಿದೆಯಾ ನೋಡಿದಳು. ಮೀನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅದೇ ಒದ್ದೆ ಕೈಯಲ್ಲಿ ನನ್ನ ತಲೆಯನ್ನು ಹಿಂದಿನಿಂದ ಮುಂದಕ್ಕೆ ಸವರಿದಳು. ಹೆಬ್ಬೆರಳಿನಿಂದ ನೆತ್ತಿ ಒತ್ತಿ ನೋಡಿದಳು.

"ಒಸಾದೇ ಕಣವ್ವ. ತೂಗು" ಅಂದಳು.

ಅವಳ ಹಿಂದೆ ಸಾಲು ನಿಂತಿತು. ಒಬ್ಬೊಬ್ಬರೂ ಮೀನಿನ ಕಿವಿರು ನೋಡಿದರು, ನನ್ನ ತಲೆ ಸವರಿದರು, ತೂಗಿಸಿಕೊಂಡರು. ಬಿಸಿಲು ಏರುವ ಮೊದಲೇ ಬುಟ್ಟಿ ಖಾಲಿ. ಯಜಮಾನ ಓಡೋಡಿ ಬಂದು, ಊರಿಗ್ ಓಗಿ ಬಲೆ ಇಳಿಸ್ತೀನಿ, ಬೀಗ ಆಕಂಡ್ ಓದವ್ರಿಗೂ ಏಳಿಕಳಿಸ್ತೀನಿ ಅಂದ. ಅಂದವನ ಕಣ್ಣು ತುಂಬಿತ್ತು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಎದ್ದು ಹೊರಟವಳನ್ನು ಅವನು ಕೈಮುಗಿದು ತಡೆದ.

"ಮುಂದಿನ್ ಸಂತೆಗೂ ಬನ್ರವ್ವ. ಅಲ್ಲೀಗಂಟ ಕೂದ್ಲು ಮಾತ್ರ ಬೆಳ್ಯಕ್ ಬುಡಬ್ಯಾಡಿ."